ಧರ್ಮದ ಸೀರೆಗೆ ಮೊಳ

ತುಂಗಭದ್ರೆಯ ದಂಡೆಯಲ್ಲಿ ನಿರುಪಾದಿ ಸ್ವಾಮಿಗಳ ಮಠ. ಅಲ್ಲಿನ ಹಳೆಯ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ, ಬಟ್ಟೆಗಳಿವೆ. ಉಳ್ಳವರು ಉಟ್ಟು ಬಿಟ್ಟ ಸೀರೆ, ಅಂಗಿ, ಪಂಚೆ ತಂದುಕೊಡುತ್ತಾರೆ. ಇಲ್ಲದವರು ಬಂದು ಅಗ್ಗದ ಬೆಲೆಗೆ ಕೊಳ್ಳುತ್ತಾರೆ.

ಗುರುಗಳು ಯಾವುದನ್ನೂ ಬಿಟ್ಟಿ ಕೊಡಲು ಬಿಡುತ್ತಿರಲಿಲ್ಲ. ಕೊಳ್ಳುವವರು ಚೌಕಾಸಿ ಮಾಡಲಿ, ಒಪ್ಪಿದರೆ ಒಯ್ಯಲಿ, ಒಪ್ಪದಿದ್ದರೆ ಬಿಟ್ಟು ಹೋಗಲಿ ಎನ್ನುತ್ತಿದ್ದರು. ಹರಿದದ್ದು, ಬೆವರು ನಾರುವುದು ಬಂದರೆ ಕೊಟ್ಟವರ ಬಾಗಿಲಿಗೇ ವಾಪಸ್ ಕಳಿಸುತ್ತಿದ್ದರು. ಮನೆಯ ಕಸ ಹೊರಹಾಕಿ ಪುಣ್ಯ ಬಂತೆಂದು ಬೀಗುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಯಾರಿಗೆ ತಾನೇ ಉರಿಯುವುದಿಲ್ಲ?

ಕೊಟ್ಟಿಗೆ ನೋಡಿಕೊಳ್ಳುತ್ತಿದ್ದ ಶಿಷ್ಯ ಕಾಡಸಿದ್ಧನಿಗೆ ಮಾತ್ರ ಈ ಚೌಕಾಸಿ ಹಿಡಿಸುತ್ತಿರಲಿಲ್ಲ.

ಒಂದು ದಿನ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ ಹುಲಿಗೆಮ್ಮ ಬಂದಳು. ಚೊಚ್ಚಲ ಬಸುರಿ ಮಗಳಿಗೆ ಸೀಮಂತದ ಕುಬಸ ಮಾಡಲು ಬೀಗರ ಊರಿಗೆ ಹೋಗಬೇಕಿತ್ತು. ತವರಿನ ಹಸಿರು ಸೀರೆ ಇಲ್ಲದೆ ಕುಬಸ ಹೇಗಾಗುತ್ತದೆ? ಬೀಗರೋ, ಆರತಿಯ ಮುಂದೆಯೇ ಮಡಿಕೆ ಬಿಡಿಸಿ ನೋಡುವ ಜನ. ಕೊರತೆ ಕಂಡರೆ ಮಗಳು ಹೆರುವವರೆಗೂ ಕುಹಕದ ಮಾತು ಕೇಳಬೇಕು.

ಒಂದು ಹಸಿರು ಸೀರೆ ಹೊಸದರಂತೆಯೇ ಇತ್ತು. ಹುಲಿಗೆಮ್ಮ ಅದನ್ನು ಬಿಡಿಸಿ, ಮೊಣಕೈಯಿಂದ ಬೆರಳ ತುದಿಗೆ ಮೊಳ ಹಾಕತೊಡಗಿದಳು.

ಕಾಡಸಿದ್ಧ ಸುತ್ತಲಿದ್ದವರಿಗೆಲ್ಲ ಕೇಳುವಂತೆ ಅಂದ: "ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತ. ಈಕಿ ನೋಡ್ರಿ, ಇಲ್ಲೇ ಹಾಕಾಕ ಹತ್ಯಾಳ."

ಎಲ್ಲರೂ ನಕ್ಕರು. ಹುಲಿಗೆಮ್ಮ ಅರ್ಧ ಅಳೆದ ಸೀರೆಯನ್ನು ಮಡಚಿಟ್ಟು ಹೊರಟುಹೋದಳು.

ಸುದ್ದಿ ಗುರುಗಳಿಗೆ ಮುಟ್ಟಿತು. ಬಂದವರೇ ಆ ಸೀರೆಯನ್ನು ಶಿಷ್ಯನ ಕೈಗೆ ತುರುಕಿದರು.

"ಈಗ ನೀ ಹಾಕು ಮೊಳ."

ಹಾಕಿದ. ಎರಡು ಮೊಳ ಕಡಿಮೆ ಬಂತು. ಯಾರೋ ಪುಣ್ಯಾತ್ಮರು ದಿಂಬಿನ ಚೀಲಕ್ಕಾಗುವಷ್ಟು ಕತ್ತರಿಸಿಕೊಂಡು, ಅಂಚು ಹೊಲಿದು, ಉಳಿದದ್ದನ್ನು ದಾನ ಮಾಡಿದ್ದರು.

ಕಾಡಸಿದ್ಧನ ಮುಖ ಸಣ್ಣದಾಯಿತು. ಬೇರೊಂದು ಒಳ್ಳೆಯ ಸೀರೆಯನ್ನು ಬಿಟ್ಟಿಯಾಗಿಯೇ ಅವಳ ಮನೆಗೆ ಕೊಟ್ಟುಬರುತ್ತೇನೆ ಎಂದ.

ಗುರುಗಳ ಸಿಟ್ಟು ನೆತ್ತಿಗೇರಿತು. "ನಾಕು ಮಂದ್ಯಾಗ ಮಾನ ಕಳದು, ಈಗ ಬಿಟ್ಟಿ ಸೀರಿ ಕೊಟ್ಟು ಬಾಯಿ ಮುಚ್ಚಸ್ತೀಯೇನು? ಆ ಗಾದಿಮಾತು ಕಟ್ಟಿದವ ಯಾರು? ಕೊಡಾಂವೋ, ಉಡಾಂವೋ?"

"ಕೊಡಾಂವ ಇರಬೇಕ್ರಿ, ಅಜ್ಜಾರ."

"ಉಡಾಕಿನ್ನ ಯಾರರೆ ಕೇಳ್ಯಾರೇನು? ಗಂಟು ಹೊರು."

ಕೊಟ್ಟಿಗೆಯಲ್ಲಿದ್ದ ಹಸಿರು ಸೀರೆಗಳನ್ನೆಲ್ಲ ತಲೆಯ ಮೇಲೆ ಹೊತ್ತು ಕಾಡಸಿದ್ಧ ಊರ ನಡುವೆ ನಡೆದ. ನಕ್ಕಿದ್ದವರೆಲ್ಲ ಕಟ್ಟೆಯ ಮೇಲೆ ಕೂತು ನೋಡಿದರು. ಗುರುಗಳು ಅವನ ಹಿಂದೆಯೇ ನಡೆದರು.

ಹುಲಿಗೆಮ್ಮ ತನ್ನ ಮನೆಯೊಳಗಿಂದ ಅಂಗಳಕ್ಕೆ ಬಂದಳು. ಗುರುಗಳ ಕಾಲಿಗೆ ನೀರು ಕೊಟ್ಟಳು, ಆದರೆ ಕೂರಲು ಚಾಪೆ ಹಾಸಲಿಲ್ಲ. "ಧರ್ಮದ್ದು ನನಗ ಬ್ಯಾಡ್ರಿ," ಎಂದಳು.

"ಧರ್ಮ ಅಲ್ಲವ್ವಾ, ವ್ಯಾಪಾರ," ಎಂದರು ಗುರುಗಳು. "ಅಳದು ನೋಡು. ಬ್ಯಾಡಾದ್ರ ತಿರುಗಿ ಕೊಡು."

ಕಾಡಸಿದ್ಧ ಗಂಟು ಇಳಿಸಿ, ತಪ್ಪಾಯಿತು ಎಂದ. ಅವಳು ಅವನತ್ತ ನೋಡಲೂ ಇಲ್ಲ. ಎರಡು ಸೀರೆ ಆರಿಸಿ ಹೆಗಲಿಗೆ ಹಾಕಿಕೊಂಡು, ಗೋಡೆಯ ಮಗ್ಗುಲಿನಿಂದ ಹಿತ್ತಲಿಗೆ ಹೋದಳು.

ಕಾಡಸಿದ್ಧನಿಗೆ ತಡೆಯಲಾಗಲಿಲ್ಲ. "ಈಗ ಯಾರೂ ನಗಂಗಿಲ್ಲಲ್ರಿ, ಅಜ್ಜಾರ. ಇಲ್ಲೇ ಅಳೀಬಹುದಿತ್ತು. ಹಿತ್ತಲಿಗೆ ಯಾಕ ಹೋದ್ಲು?"

ಗುರುಗಳು ಅವನನ್ನು ದುರುಗುಟ್ಟಿ ನೋಡಿದರು.

"ಅಂಗಳದಾಗ ನೀ ನಿಂತೀಯಲ್ಲೋ."