ಬಾಗಿಲಿಗೆ ಹಾಕಿದ ಗುರುತು

"ಗುರುಗಳೇ, ಊರಿಗೆ ಒಳ್ಳೆಯದಾಗಲೆಂದು ಒಂದು ಪಕ್ಷಕ್ಕೆ ಸೇರಿ ದುಡಿದರೆ ತಪ್ಪೇ?" ಎಂದು ಅಡವಯ್ಯ ಕೇಳಿದ.

ಅಡವಯ್ಯ ಮಠದ ಹಳೆಯ ಶಿಷ್ಯ. ಎಂಟು ದಿನದಿಂದ ಪಕ್ಷದವರು ಕೊಟ್ಟ ಮತದಾರರ ಪಟ್ಟಿ ಹಿಡಿದು ಓಣಿ ಓಣಿ ಸುತ್ತಿದ್ದ. ಆ ಪಟ್ಟಿ ಈಗಲೂ ಅವನ ಬಗಲ ಚೀಲದಲ್ಲಿತ್ತು. 'ತಪ್ಪಲ್ಲ' ಎಂಬ ಮಾತು ಕೇಳಿಸಿಕೊಂಡು ಹೋಗಲು ಬಂದಿದ್ದಾನೆಂಬುದು ಮುಖದಲ್ಲೇ ಕಾಣುತ್ತಿತ್ತು. ಗುರುಗಳು ತಪ್ಪೆನ್ನಲಿಲ್ಲ, ಸರಿಯೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ದರ್ಜಿಯಿದ್ದ. ಅವನ ಓಣಿಯಲ್ಲಿ ನಲವತ್ತೊಂದು ಮನೆ, ಎಲ್ಲಕ್ಕೂ ಸೇರಿ ಒಂದೇ ಬಾವಿ. ಹೆಂಗಸರು ಸರದಿ ಕಾದು ಕಾದು ಸೋತಿದ್ದರು. ಮನೆಮನೆಗೂ ನಳ ಬೇಕೆಂದು ದರ್ಜಿ ಒಂದು ಅರ್ಜಿ ಬರೆದ. ಅರ್ಜಿಯನ್ನು ಎಲ್ಲರೂ ಮೆಚ್ಚಿದರು, ಸಹಿ ಹಾಕಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಕಚೇರಿಯವರು ಮೊದಲ ಹೆಸರಿನವರನ್ನೇ ಕರೆಸಿ ಗದರಿಸುತ್ತಾರೆಂಬ ಅಂಜಿಕೆ ಆ ಓಣಿಗೆ ಹಿಂದಿನಿಂದಲೂ ಇತ್ತು. ಕೊನೆಗೆ ಓಣಿಯ ತುದಿಯ ಮನೆಯ ಮುದುಕಿ ಬಂದು ಹೆಬ್ಬೆಟ್ಟು ಮುಂದೆ ಮಾಡಿದಳು. ಅವಳದಾದ ಮೇಲೆ ಉಳಿದವರದೂ ಆಯಿತು.

ದರ್ಜಿ ಆ ಅರ್ಜಿ ಹಿಡಿದು ಮೂರು ವರ್ಷ ಚಪ್ಪಲಿ ಸವೆಸಿದ. ಕಚೇರಿಯಲ್ಲಿ ಅವನಿಗೆ ಕೂತುಕೋ ಎಂದವರಿಲ್ಲ. ಆಗ ಪಕ್ಷದ ಮುಖಂಡನೊಬ್ಬ ಅವನ ಅಂಗಡಿಗೆ ಬಂದು, "ಒಬ್ಬಂಟಿಯಾಗಿ ಕೂಗಿದರೆ ಕೇಳುವವರಾರು? ನಮ್ಮ ಜೊತೆ ಬಾ, ನಳ ಬರುತ್ತದೆ" ಎಂದ. ದರ್ಜಿ ಹೋದ. ಅವನಿಗೆ ಪದವಿಯ ಆಸೆಯಿರಲಿಲ್ಲ, ನೀರಿನ ಆಸೆಯಿತ್ತು. ಇದನ್ನು ಅವನ ಪರವಾಗಿ ಹೇಳಲೇಬೇಕು.

ಚುನಾವಣೆ ಬಂತು. ಓಣಿಯ ಹೊಣೆ ದರ್ಜಿಗೆ ಬಿತ್ತು. ಹೊರಗಿನಿಂದ ಬಂದ ಹುಡುಗರಿಗೆ ಯಾವ ಮನೆ ನಮ್ಮದು, ಯಾವುದಲ್ಲ ಎಂದು ತಿಳಿಯುತ್ತಿರಲಿಲ್ಲ. ದರ್ಜಿ ಒಂದು ಉಪಾಯ ಹೂಡಿದ. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ಹೇಗೂ ಜೇಬಿನಲ್ಲಿರುತ್ತಿತ್ತು. ಒಲಿದ ಮನೆಯ ಬಾಗಿಲ ಚೌಕಟ್ಟಿಗೆ ಉದ್ದಗೆರೆ ಎಳೆದ, ಒಲಿಯದ ಮನೆಗೆ ಅಡ್ಡಗೆರೆ. ಬಟ್ಟೆಯ ಮೇಲಿನ ಗುರುತು ಒಂದು ಒಗೆತಕ್ಕೆ ಹೋಗುತ್ತದೆ. ಇದೂ ಹಾಗೆಯೇ ಎಂದುಕೊಂಡ.

ಮುದುಕಿಯ ಮನೆಗೂ ಹೋದ. ಅವಳು ಚೂರು ಬೆಲ್ಲ ಕೊಟ್ಟು ತಂಬಿಗೆ ತುಂಬ ನೀರು ಕೊಟ್ಟಳು. ಅವನು ಕುಡಿದ ಮೇಲೆ ಹೇಳಿದಳು: "ನನ್ನ ವೋಟು ನಿಮ್ಮ ಪಕ್ಷಕ್ಕ ಇಲ್ಲೋ ತಮ್ಮಾ. ನನ್ನ ಗಂಡ ಇದ್ದಾಗಿಂದ ಆ ಕಡೀಗೇ ಹಾಕೇನಿ. ನಿನಗ್ಯಾಕ ಸುಳ್ಳು ಹೇಳ್ಲಿ?"

ದರ್ಜಿ ನಕ್ಕ. ಅವನಿಗೆ ಸಿಟ್ಟೇನೂ ಬರಲಿಲ್ಲ. ಹೊರಡುವಾಗ ಚೌಕಟ್ಟಿಗೆ ಅಡ್ಡಗೆರೆ ಎಳೆದ. ಓಣಿಯಲ್ಲಿ ಅಂಥ ಮನೆ ಏಳಾದವು.

ಪಕ್ಷ ಗೆದ್ದಿತು. ಮುಖಂಡ ಮಾತಿಗೆ ತಪ್ಪಲಿಲ್ಲ. ಎರಡು ತಿಂಗಳಲ್ಲಿ ಓಣಿಯುದ್ದಕ್ಕೂ ತಗ್ಗು ತೋಡಿ ಕೊಳವೆ ಇಳಿಸಿದರು. ಮೂವತ್ತನಾಲ್ಕು ಮನೆಗಳಲ್ಲಿ ನಳ ಕೂತಿತು, ಏಳನ್ನು ಬಿಟ್ಟು ಮುಂದೆ ಹೋದರು. ನಳ ಬಂದ ಮೇಲೆ ಬಾವಿ ಯಾಕೆಂದು ಅದರ ಬಾಯಿಗೆ ಕಲ್ಲುಚಪ್ಪಡಿ ಹೊದಿಸಿದರು.

ಬಿಟ್ಟ ಏಳೂ ಅಡ್ಡಗೆರೆಯ ಮನೆಗಳೆಂದು ದರ್ಜಿಗೆ ಹೊಳೆಯಿತು. ಒದ್ದೆ ಬಟ್ಟೆ ಹಿಡಿದು ಏಳೂ ಬಾಗಿಲಿಗೆ ಓಡಿ ಗೆರೆ ಒರೆಸಿದ. ಆಮೇಲೆ ಮುಖಂಡನ ಬಳಿಗೆ ಹೋಗಿ, "ಗುರುತು ಅಳಿಸಿದ್ದೇನೆ, ಅವರಿಗೂ ನೀರು ಕೊಡಿ" ಎಂದು ಕೈಮುಗಿದ.

"ಅಳಿಸಿದರೇನಂತೆ? ನಮ್ಮ ಹುಡುಗರು ಅಂದೇ ಪಟ್ಟಿಗೆ ಇಳಿಸಿಕೊಂಡಿದ್ದಾರೆ. ಯಾವ ಓಣಿಯಲ್ಲೂ ಇಷ್ಟು ಚೊಕ್ಕ ಕೆಲಸ ಆಗಿಲ್ಲ" ಎಂದು ಮುಖಂಡ ಅವನ ಬೆನ್ನು ತಟ್ಟಿದ. ಆ ಹೊಗಳಿಕೆ ಕೇಳಿ ದರ್ಜಿಗೆ ಅಳು ಬಂತು.

ಅವನು ಮುದುಕಿಯ ಮನೆಗೆ ಹೋಗಿ, ನನ್ನ ನಳದ ನೀರು ಒಯ್ಯಿ ಎಂದ. ಅವಳು ಒಪ್ಪಲಿಲ್ಲ. "ನಲವತ್ತೊಂದು ಮನಿಗೆ ನೀರು ಬರ್ಲಿ ಅಂತ ಹೆಬ್ಬೆಟ್ಟು ಒತ್ತೇನಿ. ನಿನ್ನ ಮನೀಗೆ ಬಂದು ಬೇಡಾಕ ಅಲ್ಲ" ಎಂದಳು. ಕೊಡ ಎತ್ತಿಕೊಂಡು ಊರಾಚೆಯ ಕೆರೆಗೆ ಹೋದಳು. ದಿನವೂ ಹೋದಳು. ಬೇಸಿಗೆಯಲ್ಲಿ ನೀರು ಕೆಳಗಿಳಿದು, ಪಾಚಿಗಟ್ಟಿದ ಮೆಟ್ಟಿಲುಗಳು ಮೇಲೆ ಬಂದವು. ಅಲ್ಲಿ ಜಾರಿ ಬಿದ್ದವಳು ಮೂರನೆಯ ದಿನಕ್ಕೆ ತೀರಿಕೊಂಡಳು.

ಹೆಣದ ಸ್ನಾನಕ್ಕೆ ಮೀಸಲು ನೀರು ಬೇಕಾಯಿತು. ದರ್ಜಿ ತನ್ನ ನಳದಿಂದ ಎರಡು ಕೊಡ ತುಂಬಿ ಹೊತ್ತು ತಂದ. ನಳದ ನೀರು ಆ ಮನೆಯ ಹೊಸ್ತಿಲು ದಾಟಿದ್ದು ಅಂದೇ. ಒಳಗೆ ಹೋಗುವಾಗ ಅವನ ಕಣ್ಣು ಚೌಕಟ್ಟಿನ ಮೇಲೆ ಬಿತ್ತು. ಗೆರೆ ಇರಲಿಲ್ಲ. ಅವನು ತಿಕ್ಕಿ ಒರೆಸಿದ ಜಾಗವಷ್ಟೇ, ಹೊಗೆ ಹಿಡಿದ ಮರದಲ್ಲಿ ಬೇರೆಯಾಗಿ ಕಾಣುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಗುರುಗಳೇ, ಮೂವತ್ತನಾಲ್ಕು ಮನೆಗೆ ನೀರು ಬಂತಲ್ಲ. ಅದೇನು ಸುಳ್ಳೇ?" ಎಂದ ಅಡವಯ್ಯ.

"ಸುಳ್ಳಲ್ಲ. ಆ ಮನೆಗಳವರು ಇಂದಿಗೂ ದರ್ಜಿಯನ್ನು ನೆನೆಯುತ್ತಾರೆ" ಎಂದರು ಗುರುಗಳು.

ಅಡವಯ್ಯನಿಗೆ ಜೀವ ಬಂದಂತಾಯಿತು. ಕಾಲಿಗೆರಗಿ ಎದ್ದ. ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋಗಿದ್ದ. ಗುರುಗಳು ಹಿಂದಿನಿಂದ ಮೆಲ್ಲಗೆ ಕೇಳಿದರು:

"ಅಡವಯ್ಯ, ಆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಯಾವ ಗುರುತು ಹಾಕಿದ್ದೀಯಪ್ಪಾ?"