ಪಚೋಲಿ ಕೋಣೆಯ ಮೊದಲ ಉಸಿರು

ಮೈಸೂರಿನ ಒಂದು ಸಣ್ಣ ಬೀದಿಯಲ್ಲಿ ಹಯಾತ್ ಸಾಹೇಬರ ಊದುಬತ್ತಿ ಕಾರ್ಖಾನೆ ಇತ್ತು. ಕಾರ್ಖಾನೆ ಅಂದ ಕೂಡಲೇ ದೊಡ್ಡ ಗೇಟು, ಸೈರನ್ನು ಅಂತೆಲ್ಲ ಅಂದುಕೊಳ್ಳಬೇಡಿ ಮಕ್ಕಳೇ. ಒಂದು ಹಂಚಿನ ಮನೆ, ಹಿಂದೆ ಅಂಗಳ, ಅಂಗಳದ ಮೂಲೆಯಲ್ಲಿ ಕಿಟಕಿಯಿಲ್ಲದ ಒಂದು ಪುಟ್ಟ ಕೋಣೆ. ಅಷ್ಟೇ. ಆದರೆ ಅಲ್ಲಿ ತಯಾರಾಗುತ್ತಿದ್ದ ಪಚೋಲಿ ಬತ್ತಿಗೆ ಊರೂರಲ್ಲಿ ಹೆಸರು. ಪಚೋಲಿ ಅಂದರೆ ನಮ್ಮ ಹಳಬರು ಪಚ್ಚೆತೆನೆ ಅಂತ ಕರೀತಾರಲ್ಲ, ಆ ಗಿಡದ ಎಲೆಯಿಂದ ಇಳಿಸಿದ ಎಣ್ಣೆ. ಹೊಸಮಳೆ ಬಿದ್ದ ಮಣ್ಣಿಗೆ ಒಂಚೂರು ಕರ್ಪೂರ ಬೆರೆಸಿದ ಹಾಗಿರುತ್ತೆ ಅದರ ಪರಿಮಳ.

ಈ ಪಚೋಲಿಯದೊಂದು ತರಲೆ ಇದೆ. ಹೊಸೆದ ಕಡ್ಡಿ ಚೆನ್ನಾಗಿ ಒಣಗುವ ಮೊದಲೇ ಕಟ್ಟು ಕಟ್ಟಿಬಿಟ್ಟರೆ ಮುಗ್ಗಲು ಹಿಡಿಯುತ್ತೆ. ಮಲ್ಲಿಗೆ ಬತ್ತಿಯಲ್ಲಾದರೆ ಆ ಮುಗ್ಗಲು ಕೂಡಲೇ ಸಿಕ್ಕಿಬೀಳುತ್ತೆ. ಪಚೋಲಿಯೇ ಮಣ್ಣಿನ ವಾಸನೆಯದು ನೋಡಿ, ಅದರೊಳಗೆ ಮುಗ್ಗಲು ಕಳ್ಳನ ಹಾಗೆ ಅಡಗಿ ಕೂತುಬಿಡುತ್ತೆ. ಕೊಂಡವರ ಮನೆಯಲ್ಲಿ ಹಚ್ಚಿದಾಗಲೇ ಗೊತ್ತಾಗೋದು. ಆಗ ಗೊತ್ತಾಗಿ ಏನು ಬಂತು?

ಅದಕ್ಕೇ ಸಾಹೇಬರು ಒಂದು ಪದ್ಧತಿ ಇಟ್ಟಿದ್ದರು. ಮಾಲು ಹೊರಡುವ ಮುಂಚೆ ಅದರಿಂದ ಒಂದು ಕಡ್ಡಿ ತೆಗೆದು ಆ ಕಿಟಕಿಯಿಲ್ಲದ ಕೋಣೆಯಲ್ಲಿ ಹಚ್ಚಿ, ಬಾಗಿಲು ಹಾಕಬೇಕು. ಕಡ್ಡಿ ಪೂರ್ತಿ ಉರಿದು ಆರುವ ತನಕ ನೋಡುವವರು ಹೊರಗೆ ಅಂಗಳದ ಗಾಳಿಯಲ್ಲಿ ನಿಂತಿರಬೇಕು. ಆಮೇಲೆ ಒಳಗೆ ಹೋಗಿ ಒಂದು ಉಸಿರು ಎಳೆದುಕೊಳ್ಳಬೇಕು. ಒಂದೇ ಒಂದು. ತಕ್ಷಣ ಹೊರಗೆ ಬಂದು "ಹೌದು" ಅಥವಾ "ಇಲ್ಲ" ಅನ್ನಬೇಕು. ಹೌದು ಅಂದರೆ ಮಾತ್ರ ಪೆಟ್ಟಿಗೆಗಳ ಮೇಲೆ ಸಾಹೇಬರ ಮೊಹರು ಬೀಳುತ್ತಿತ್ತು. ಆ ಮೊಹರು ಇದ್ದರೆ ಸಾಕು, ಜನ ಮೂಸಿ ಕೂಡ ನೋಡದೆ ಕೊಳ್ಳುತ್ತಿದ್ದರು.

"ಮೊದಲನೇ ಉಸಿರು ಮೂಗಿಂದು. ಎರಡನೇದು ಮನಸ್ಸಿಂದು. ಮನಸ್ಸು ತನಗೆ ಬೇಕಾದ್ದನ್ನೇ ಮೂಸುತ್ತೆ," ಅನ್ನುತ್ತಿದ್ದರು ಸಾಹೇಬರು.

ಈ ವಿದ್ಯೆ ಅವರು ಕಲಿಸಿದ್ದು ದಾಕ್ಷಾಯಿಣಿ ಅನ್ನುವ ಹೆಣ್ಣುಮಗಳಿಗೆ. ಅವಳ ಶ್ರದ್ಧೆ ಎಂಥದ್ದು ಅಂತೀರಿ! ಮೂಗು ಕೆಡುತ್ತೆ ಅಂತ ಹೂ ಮುಡಿಯುವುದು ಬಿಟ್ಟಳು, ತಲೆಗೆ ವಾಸನೆ ಎಣ್ಣೆ ಹಚ್ಚುವುದು ಬಿಟ್ಟಳು, ಬೆಳಿಗ್ಗೆ ಈರುಳ್ಳಿ ತಿನ್ನುವುದೂ ಬಿಟ್ಟಳು. ಅದೇ ಕಾರ್ಖಾನೆಯಲ್ಲಿ ಅವಳ ಅಕ್ಕ ಸರ್ವಮಂಗಳ ಕಡ್ಡಿ ಒಣಗಿಸುವ ಅಂಗಳ ನೋಡಿಕೊಳ್ಳುತ್ತಿದ್ದಳು. ಅಪ್ಪ ಅಮ್ಮ ಇಲ್ಲದ ದಾಕ್ಷಾಯಿಣಿಯನ್ನು ಸಾಕಿ ಬೆಳೆಸಿದವಳು ಅವಳೇ. ಅಕ್ಕನ ಗಂಡ ತೀರಿಕೊಂಡ ಮೇಲೆ ಅವಳ ಮಕ್ಕಳ ಊಟ, ಸ್ಕೂಲು ಎಲ್ಲ ಆ ಕೆಲಸದಿಂದಲೇ ನಡೆಯಬೇಕಿತ್ತು.

ಹಿಂದೊಮ್ಮೆ ಅಕ್ಕ ಹಸಿ ಕಡ್ಡಿ ಕಟ್ಟಿಸಿ ಸಿಕ್ಕಿಬಿದ್ದಿದ್ದಳು. ಸಾಹೇಬರು ಎಲ್ಲರೆದುರಿಗೇ ಹೇಳಿದ್ದರು: "ಮಂಗಳಮ್ಮ, ಇದೊಂದು ಸಲ ಬಿಟ್ಟೆ. ಇನ್ನೊಂದು ಸಲ ಹೀಗಾದ್ರೆ ಅಂಗಳದ ಕೆಲಸ ನಿನಗಿಲ್ಲ." ಸಾಹೇಬರು ಆಡಿದ ಮಾತು ತಪ್ಪುವವರಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಆಷಾಢ ಬಂತು. ಮೋಡ ಮುಚ್ಚಿಕೊಂಡು ಬಿಸಿಲೇ ಇಲ್ಲ. ದೂರದ ಊರಿನ ವ್ಯಾಪಾರಿಯ ಮಾಲಿಗೆ ಲಾರಿ ಬಂದು ಬಾಗಿಲಲ್ಲಿ ನಿಂತಿತ್ತು. ಸಾಹೇಬರಿಗೆ ಅವತ್ತು ವಿಪರೀತ ನೆಗಡಿ. ಮೂಗು ಪೂರ್ತಿ ಕಟ್ಟಿ, ಕತ್ತಿಗೆ ಟವೆಲ್ ಸುತ್ತಿಕೊಂಡು ಜಗುಲಿಯಲ್ಲಿ ಕೂತಿದ್ದರು.

"ದಾಕ್ಷಿ, ಇವತ್ತು ನೀನೇ ನೋಡಮ್ಮ. ನಿನ್ನ ಮಾತೇ ಕೊನೇ ಮಾತು," ಅಂತ ಮೊಹರನ್ನು ಅವಳ ಕೈಗಿಟ್ಟರು.

ಮೊದಲ ಸಲ ಮೊಹರು ಅವಳ ಕೈಗೆ ಬಂದಿತ್ತು. ಎಷ್ಟು ಹಿಗ್ಗಿರಬೇಡ! ಕಡ್ಡಿ ಹಚ್ಚಿ, ಬಾಗಿಲು ಹಾಕಿ, ಅಂಗಳದಲ್ಲಿ ನಿಂತಳು. ಆ ಕಡೆ ಅಕ್ಕ ಒಣಗುವ ಕಡ್ಡಿಗಳನ್ನು ಮಗುಚಿ ಹಾಕುತ್ತಾ ಇವಳನ್ನು ನೋಡಿ ನಕ್ಕಳು. ಸಾಹೇಬರು ತಂಗಿಯ ಕೈಗೆ ಮೊಹರು ಕೊಟ್ಟದ್ದರಿಂದ ಅವಳಿಗೆ ಹಬ್ಬ ಬಂದಷ್ಟು ಸಂತೋಷವಾಗಿತ್ತು. ಕಡ್ಡಿ ಆರಿತು. ದಾಕ್ಷಾಯಿಣಿ ಒಳಗೆ ಹೋಗಿ ಉಸಿರು ಎಳೆದಳು.

ಒದ್ದೆ ಗೋಣಿಚೀಲದ ವಾಸನೆ.

ಅನುಮಾನವೇ ಇರಲಿಲ್ಲ. ಮುಗ್ಗಲು! ಹೊರಗೆ ಹೋಗಿ "ಇಲ್ಲ" ಅನ್ನಬೇಕು. ಅಂದರೆ ಅಕ್ಕನ ಕೆಲಸ ಇವತ್ತೇ ಹೋಯಿತು. ಮಕ್ಕಳ ಗತಿ? ಬಾಗಿಲ ಹಿಡಿಯವರೆಗೆ ಹೋದ ಕೈ ಅಲ್ಲೇ ನಿಂತಿತು.

'ಇನ್ನೊಂದು ಸಲ ನೋಡೋಣ. ಗಾಬರೀಲಿ ತಪ್ಪಾಗಿರಬಹುದು,' ಅಂದುಕೊಂಡಳು.

ಇನ್ನೊಂದು ಉಸಿರು ಎಳೆದಳು. ಮುಗ್ಗಲು ಇತ್ತು, ಆದರೆ ಸ್ವಲ್ಪ ಕಡಿಮೆ ಅನ್ನಿಸಿತು. ಮತ್ತೊಂದು ಎಳೆದಳು. 'ಪಚೋಲಿ ಅಂದ್ರೆ ಮಣ್ಣಿನ ವಾಸನೆ ತಾನೇ? ಇದು ಅದೇ ಇರಬೇಕು.' ಹೊರಗೆ ಲಾರಿಯವನು ಹಾರನ್ ಬಾರಿಸಿದ. ಅವಳು ಕಣ್ಣು ಮುಚ್ಚಿ ನಿಂತು ಉಸಿರಾಡುತ್ತಲೇ ಇದ್ದಳು. ಆಮೇಲಾಮೇಲೆ ಮುಗ್ಗಲಿನ ಸುಳಿವೇ ಇಲ್ಲ, ಬರೀ ಪಚೋಲಿ. ಮೂಗಿನ ಗುಣವೇ ಅದು, ಮಕ್ಕಳೇ. ಯಾವ ವಾಸನೆಯಲ್ಲಿ ನಿಂತರೂ ಸ್ವಲ್ಪ ಹೊತ್ತಿಗೆ ಒಗ್ಗಿಕೊಂಡುಬಿಡುತ್ತೆ. ದಾಕ್ಷಾಯಿಣಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಿಂತಳಲ್ಲ, ಅದಕ್ಕೇನು ಹೇಳೋಣ!

ಹೊರಗೆ ಬಂದಾಗ ಸಾಹೇಬರು ಅವಳ ಮುಖವನ್ನೇ ನೋಡುತ್ತಿದ್ದರು.

"ಹೆಂಗಿದೆಯಮ್ಮ?"

"ಚೆನ್ನಾಗಿದೆ ಸಾಹೇಬ್ರೆ."

"ತುಂಬಾ ಹೊತ್ತು ಹಿಡೀತಲ್ಲ. ಒಂದೇ ಉಸಿರು ತಾನೇ?"

ಆ ಕಡೆ ಅಕ್ಕ ಮೊರ ಹಿಡಿದುಕೊಂಡು ಕಿವಿ ಇಲ್ಲೇ ಇಟ್ಟು ನಿಂತಿದ್ದಳು.

"ಒಂದೇ," ಅಂದಳು ದಾಕ್ಷಾಯಿಣಿ.

"ಹಂಗಾದ್ರೆ ಒತ್ತು," ಅಂದರು ಸಾಹೇಬರು. ಮತ್ತೆ ಒಂದು ಮಾತೂ ಕೇಳಲಿಲ್ಲ. ಅವರು ಅಷ್ಟು ನಂಬಿದ್ದೇ ಅವಳನ್ನು ಚುಚ್ಚಿತು. ಒಂದೊಂದೇ ಪೆಟ್ಟಿಗೆಯ ಮೇಲೆ ಮೊಹರು ಒತ್ತಿದಳು. ಒಂದೆರಡು ಸೊಟ್ಟಗೆ ಬಿದ್ದವು. ಹಮಾಲರು ಪೆಟ್ಟಿಗೆ ಲಾರಿಗೆ ಏರಿಸಿದರು. ಅವಳು ಹೋಗಿ ಕೋಣೆಯ ಹೊಸ್ತಿಲ ಮೇಲೆ ಕುಸಿದು ಕೂತಳು.

ಡ್ರೈವರ್ ಇಂಜಿನ್ ಶುರು ಮಾಡಿದ. ಅಷ್ಟರಲ್ಲಿ ಅಕ್ಕ ಎರಡು ಲೋಟ ಟೀ ಹಿಡಿದುಕೊಂಡು ಅಂಗಳ ದಾಟಿ ಬಂದಳು.

"ಏನೇ, ಮೊಹರು ಸಿಕ್ಕಿದ ದಿನ ಹೀಗೆ ಮುಖ ಊದಿಸ್ಕೊಂಡು ಕೂತಿದೀಯ! ತಗೋ," ಅನ್ನುತ್ತಾ ಕೋಣೆಯ ಬಾಗಿಲಿಗೆ ಬಂದವಳು ಹಾಗೇ ನಿಂತಳು. ಅಂಗಳದ ಗಾಳಿಯಿಂದ ನೇರ ಬಂದಿದ್ದಳಲ್ಲ, ಮೊದಲನೇ ಉಸಿರಿಗೇ ಅವಳ ಮುಖ ಕಿವುಚಿತು.

"ಥೂ! ಏನೇ ಇದು? ಮುಗ್ಗು!"

ದಾಕ್ಷಾಯಿಣಿ ಹೊಸ್ತಿಲಿಂದ ಎದ್ದು ನಿಂತಳು.

"ಇಲ್ಲಿ ಹಚ್ಚಿದ್ದು ಇದೇ ಮಾಲಿನ ಕಡ್ಡೀನಾ? ಅಯ್ಯೋ ದೇವ್ರೇ, ಹೇಳೇ!"

ತಂಗಿ ತಲೆ ತಗ್ಗಿಸಿದಳು. ಅಕ್ಕನಿಗೆ ಅಷ್ಟೇ ಸಾಕಾಯಿತು. ಟೀ ಲೋಟ ಅಲ್ಲೇ ನೆಲಕ್ಕೆ ಕುಕ್ಕಿ ಬೀದಿಗೆ ಓಡಿದಳು. ಲಾರಿ ಆಗಲೇ ಹೊರಟು ತಿರುವು ತೆಗೆದುಕೊಳ್ಳುತ್ತಿತ್ತು. "ನಿಲ್ಸೀ! ನಿಲ್ಸೀ!" ಅಂತ ಕೂಗುತ್ತಾ ಹೋಗಿ ಎದುರಿಗೇ ನಿಂತುಬಿಟ್ಟಳು. ಡ್ರೈವರ್ ಕಿರ್ರನೆ ಬ್ರೇಕ್ ಹಾಕಿದ.

"ಏನಮ್ಮಾ, ಸಾಯ್ಬೇಕು ಅಂತಿದೀಯಾ?"

"ಬೈಯ್ಯಪ್ಪ, ಆಮೇಲೆ ಬೈಯ್ಯಿ. ಮೊದ್ಲು ಪೆಟ್ಟಿಗೆ ಇಳ್ಸು."

ಸಾಹೇಬರು ಟವೆಲ್ ಬಿಗಿದುಕೊಂಡು ಬೀದಿಗೆ ಬಂದರು. ಅಕ್ಕ ಒಂದು ಪೆಟ್ಟಿಗೆ ಬಿಚ್ಚಿ, ಕಟ್ಟಿನ ನಡುವಿನಿಂದ ಒಂದು ಕಡ್ಡಿ ಎಳೆದು ಉಗುರಿನಿಂದ ಕೆರೆದು ನೋಡಿದಳು. ಮೇಲೆ ಒಣಗಿತ್ತು, ಒಳಗೆ ಮೆತ್ತಗಿತ್ತು.

"ಸಾಹೇಬ್ರೆ, ಒಣಗಿದೆ ಅಂದ್ಕೊಂಡು ಕಟ್ಟಿಸ್ಬಿಟ್ಟೆ. ತಪ್ಪು ನಂದು. ನಿಮ್ಮ ಹೆಸರು ಹಾಳಾಗೋದು ಬೇಡ, ವಾಪಸ್ ಇಳಿಸ್ಬಿಡಿ," ಅಂದಳು. ತನ್ನ ಕೆಲಸವನ್ನು ತಾನೇ ಕಳೆದುಕೊಳ್ಳುತ್ತಿದ್ದೇನೆ ಅಂತ ಅವಳಿಗೆ ಗೊತ್ತಿತ್ತು.

ಸಾಹೇಬರು ದಾಕ್ಷಾಯಿಣಿಯ ಕಡೆ ತಿರುಗಿದರು. ಹಮಾಲರು, ಕಡ್ಡಿ ಹೊಸೆಯುವ ಹೆಂಗಸರು, ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಒಂದೇ ಉಸಿರು ಅಂದ್ಯಲ್ಲಮ್ಮ. ಗೊತ್ತಾಗ್ಲಿಲ್ವಾ?"

ದಾಕ್ಷಾಯಿಣಿಗೆ ಇನ್ನು ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. "ಒಂದೇ ಉಸಿರಿಗೆ ಗೊತ್ತಾಯ್ತು ಸಾಹೇಬ್ರೆ. ಗೊತ್ತಾಗಿದ್ದನ್ನ ಮರೆಯೋಕೆ ಇನ್ನೂ ಎಷ್ಟೋ ಉಸಿರು ತಗೊಂಡೆ. ಅಕ್ಕನ ಕೆಲಸ ಹೋಗುತ್ತೆ ಅಂತ..."

ಸಾಹೇಬರು ಬೈಯಲಿಲ್ಲ. ಕೈ ಚಾಚಿದರು. ಅವಳು ಮೊಹರನ್ನು ವಾಪಸ್ ಕೊಟ್ಟಳು. ಅಕ್ಕನಿಗೆ ಅವರು ಹೇಳಿದ್ದು ಇಷ್ಟು: "ಮಂಗಳಮ್ಮ, ಆಡಿದ ಮಾತು ನಾನು ಮುರಿಯೋ ಹಾಗಿಲ್ಲ. ಅಂಗಳ ಬೇರೆಯವರು ನೋಡ್ಕೋತಾರೆ. ನಾಳೆಯಿಂದ ಕಡ್ಡಿ ಹೊಸೆಯೋಕೆ ಕೂತ್ಕೋ. ಇವತ್ತು ನೀನು ನನ್ನ ಮಾನ ಉಳಿಸಿದೀಯ, ಅದನ್ನೂ ನಾನು ಮರೆಯಲ್ಲ." ಪೆಟ್ಟಿಗೆಗಳು ಒಂದೊಂದಾಗಿ ಕೆಳಗಿಳಿದವು.

ಸಂಜೆ ಅಕ್ಕ ತಂಗಿ ಮನೆಗೆ ನಡೆದು ಹೊರಟರು. ದಾರಿಯುದ್ದಕ್ಕೂ ದಾಕ್ಷಾಯಿಣಿ ಅಕ್ಕನ ಮುಖ ನೋಡುತ್ತಾ ಬಂದಳು. ಕೊನೆಗೆ ತಡೆಯಲಾರದೆ, "ನಿನಗೋಸ್ಕರ ತಾನೇ ಅಕ್ಕಾ ಮಾಡಿದ್ದು," ಅಂದಳು.

ಅಕ್ಕ ನಿಂತಳು. ಅವಳ ಕಣ್ಣಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೇ ತಂಗಿಗೆ ಹಗುರಾಗುತ್ತಿತ್ತೇನೋ.

"ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ ಕಣೆ. ಇನ್ಮೇಲೆ ನೀನು 'ಚೆನ್ನಾಗಿದೆ ಅಕ್ಕಾ, ಏನೂ ಆಗಿಲ್ಲ' ಅಂದಾಗೆಲ್ಲ, ಇದು ನಿಜವೋ ನನ್ನ ಮೇಲಿನ ಪ್ರೀತಿಗೆ ಹೇಳ್ತಿರೋದೋ ಅಂತ ನಾನು ಹೇಗೆ ತಿಳ್ಕೊಳ್ಲಿ, ಹೇಳು?"



ನೀತಿ: ತಪ್ಪು ಅಂತ ಮನಸ್ಸಿಗೆ ಹೊಳೆದ ಆ ಕ್ಷಣದಲ್ಲೇ ಅದನ್ನು ತಪ್ಪು ಅಂದುಬಿಡಬೇಕು. ಅದರ ಜೊತೆ ನಿಂತಷ್ಟೂ ಅದು ಕಡಿಮೆಯಾದ ಹಾಗೆ ಕಾಣುತ್ತೆ. ಕಡಿಮೆಯಾಗಿರುವುದಿಲ್ಲ, ನಾವು ಅದಕ್ಕೆ ಒಗ್ಗಿಹೋಗಿರುತ್ತೇವೆ. ಬೇಕಾದವರನ್ನು ಉಳಿಸಲು ಹೇಳಿದ ಸುಳ್ಳು, ಅವರು ನಮ್ಮ ಮೇಲಿಟ್ಟ ನಂಬಿಕೆಯನ್ನೇ ಮೊದಲು ಕಿತ್ತುಕೊಳ್ಳುತ್ತದೆ.