ಕಡೆಯ ಐದು ಟಿಕೆಟ್ಟು

ಕೇಳಿ, ಇದು ನಮ್ಮೂರಿನದಲ್ಲ, ಪಕ್ಕದೂರಿನದು ಅಂತಲೇ ಇಟ್ಟುಕೊಳ್ಳಿ. ಅಲ್ಲಿ ಕೆಂಪತಾಯಿ ಅಂತ ಒಬ್ಬ ಮುದುಕಿ. ಅವಳಿಗೆ ಇಬ್ಬರು ಗಂಡುಮಕ್ಕಳು. ಚಿಕ್ಕಸಿದ್ದ ಊರಿನ ಫುಟ್‌ಬಾಲ್ ಟೀಮಿನ ಗೋಲ್‌ಕೀಪರು. ದೊಡ್ಡಸಿದ್ದ? ಅವನು ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಆ ತಾಯಿಯ ಕರ್ಮ.

ಚಿಕ್ಕವನು ಅವತ್ತು ಮೊದಲ ಸಲ ದೊಡ್ಡ ಮ್ಯಾಚು ಆಡುವವನಿದ್ದ. ಮುದುಕಿಗೆ ಮಂಡಿನೋವು, ಸ್ಟೇಡಿಯಮ್ಮಿನ ಮೆಟ್ಟಿಲು ಹತ್ತಲಾರಳು. ಟಿವಿಯಲ್ಲಾದರೂ ಮಗನನ್ನು ಕಣ್ತುಂಬ ನೋಡಬೇಕು ಅಂತ ಆಸೆ. ಆದರೆ ಮ್ಯಾಚು ನಡೆಸುವವರದ್ದೊಂದು ಕಾನೂನು: ಮಧ್ಯಾಹ್ನ ಹನ್ನೆರಡರೊಳಗೆ ಟಿಕೆಟ್ಟೆಲ್ಲ ಮಾರಿಹೋಗದಿದ್ದರೆ ಮ್ಯಾಚು ನಡೆಯುವ ಊರಿನ ಟಿವಿಗೆ ಅದನ್ನು ಬಿಡುವುದಿಲ್ಲ. ಬೇರೆ ಊರಿನವರೆಲ್ಲ ನೋಡಬಹುದು, ಆಡುವ ಊರಿನವರಿಗೆ ಮಾತ್ರ ಕಪ್ಪು ಪರದೆ! ಬೆಳಿಗ್ಗೆ ಚಿಕ್ಕಸಿದ್ದ ಮಾರದೆ ಉಳಿದಿದ್ದ ಐದು ಟಿಕೆಟ್ ತಂದು ಮನೆಯಲ್ಲಿಟ್ಟು ಹೋದ. ಅವನ್ನು ಮಾರಿಬರಲು ಮುದುಕಿ ದೊಡ್ಡವನನ್ನು ಕರೆದಳು.

"ಲೋ ದೊಡ್ಡಸಿದ್ದ, ಒಂದು ಕುರ್ಚಿ ಖಾಲಿ ಇದ್ರೂ ಟಿವಿ ಆಫು! ತಲೇಲಿಟ್ಕೊ. ಪುರುಸೊತ್ತಾಗಿ ಕೂತಿರೋರನ್ನ ನೋಡಿ, ಕೈಹಿಡಿದು ಎಬ್ಬಿಸ್ಕೊಂಡು ಹೋಗು!"

"ಆಯ್ತವ್ವ!"

ಹೋದ. ಕ್ಷೌರದಂಗಡಿಯಲ್ಲಿ ಮೇಷ್ಟ್ರು ಕಣ್ಣುಮುಚ್ಚಿ ಆರಾಮಾಗಿ ಕೂತಿದ್ದರು. ಕೈಹಿಡಿದು ಎಳೆದೇಬಿಟ್ಟ. ಒಂದು ಕೆನ್ನೆ ನುಣುಪು, ಇನ್ನೊಂದು ಕೆನ್ನೆ ನೊರೆ, ಮೇಷ್ಟ್ರು ನಡುಬೀದಿಗೆ ಬಂದರು! ಬೈಸಿಕೊಂಡು ಮನೆಗೆ ಬಂದ.

"ಥೂ ಪೆದ್ದ! ನಡೀತಿರೋ ಕೆಲಸ ಪೂರ್ತಿ ಮುಗಿಯೋವರ್ಗೂ ಕೈಕಟ್ಕೊಂಡು ನಿಂತಿದ್ದು, ಆಮೇಲೆ ಕೇಳ್ಬೇಕು!"

"ಆಯ್ತವ್ವ!"

ಹೋದ. ಹುಚ್ಚಯ್ಯನ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಿತ್ತು. "ನೀರು ತಾರೋ, ನೀರು!" ಅಂತ ಹುಚ್ಚಯ್ಯ ಬಡಕೊಳ್ಳುತ್ತಿದ್ದ. ದೊಡ್ಡಸಿದ್ದ ಕೈಕಟ್ಟಿ ನಿಂತ. ಮೆದೆ ಪೂರ್ತಿ ಬೂದಿಯಾಯಿತು.

"ಮುಗೀತಾ ಅಣ್ಣ? ಹಂಗಾದ್ರೆ ಒಂದು ಟಿಕೆಟ್ ತಗೊ!"

ಹುಚ್ಚಯ್ಯ ದೊಣ್ಣೆ ಹಿಡಿದು ಮನೆಬಾಗಿಲತನಕ ಅಟ್ಟಿಸಿಕೊಂಡು ಬಂದ.

"ಅಯ್ಯೋ, ನನ್ನ ಹೊಟ್ಟೇಲಿ ಹುಟ್ಟಿದ್ಯಲ್ಲೋ! ಹೊಗೆ ಕಂಡ್ರೆ ಯಾರಾದ್ರೂ ನಿಂತ್ಕತಾರಾ? ಕೊಡ ನೀರು ತಂದು ಸುರೀಬೇಕು!"

"ಆಯ್ತವ್ವ!"

ಹೋದ. ಟೀ ಅಂಗಡಿಯ ಸೌದೆ ಒಲೆ ಹೊಗೆಯಾಡುತ್ತಿತ್ತು. ಕೊಡ ತಂದ, ಸುರಿದ. ಒಲೆಯೂ ಹೋಯಿತು, ಟೀಯೂ ಹೋಯಿತು. ಬೆಂಚಿನ ಮೇಲೆ ಟೀಗೆ ಕಾಯುತ್ತ ಐದು ಜನ ಕೂತಿದ್ದರು.

"ಲೋ, ಇನ್ನು ಇವತ್ತೆಲ್ಲ ನಾವೇನು ಮಾಡೋದೋ?"

"ಮ್ಯಾಚಿಗೆ ಹೋಗಿ!"

ಅವರಿಗೂ ನಗು ಬಂತು. ಐದು ಜನ, ಐದು ಟಿಕೆಟ್. ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು.

ಕೆಂಪತಾಯಿಗೆ ಹಿಡಿಸಲಾರದ ಸಂತೋಷ. "ನನ್ನ ಬಂಗಾರ, ಬಾ, ಪಕ್ಕದಲ್ಲೇ ಕೂತ್ಕೊ" ಅಂತ ತನ್ನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿದಳು. ಸಂಜೆ ಟಿವಿಯಲ್ಲಿ ಮ್ಯಾಚು ಬಂತು. ಚಿಕ್ಕಸಿದ್ದ ಗೋಲಿನ ಮುಂದೆ ನಿಂತಿದ್ದ. ಮುದುಕಿ ಕಣ್ಣೊರೆಸಿಕೊಂಡಳು.

ಕಡೇ ನಿಮಿಷ. ಎದುರು ಟೀಮಿಗೆ ಪೆನಾಲ್ಟಿ ಸಿಕ್ಕಿತು. ಚಿಕ್ಕಸಿದ್ದ ಚೆಂಡು ಹಿಡಿದರೆ ಊರು ಗೆದ್ದ ಹಾಗೆ. ಮುದುಕಿಯ ಗಂಟಲು ಒಣಗಿತು. "ನೀರು ತಾರೋ ದೊಡ್ಡಸಿದ್ದ!"

ಅವನು ಎದ್ದುಹೋಗಿ ಚೊಂಬಿನಲ್ಲಿ ನೀರು ತಂದ. ಆ ಕಡೆಯವನು ಚೆಂಡಿನತ್ತ ಓಡಿಬರುತ್ತಿದ್ದ. ದೊಡ್ಡಸಿದ್ದ ಅವ್ವನ ಪಕ್ಕ ನೋಡಿದ. ಕುರ್ಚಿ ಖಾಲಿ! ಚೊಂಬು ಕೆಳಗಿಟ್ಟವನೇ ಟಿವಿ ಆಫ್ ಮಾಡಿದ.

"ಅಯ್ಯಯ್ಯೋ, ಏನೋ ಮಾಡ್ದೆ!"

"ಕುರ್ಚಿ ಖಾಲಿ ಇತ್ತಲ್ಲವ್ವ! ನೀನೇ ಹೇಳಿದ್ದು!"

"ಅದು ನಿನ್ ಕುರ್ಚಿ ಕಣೋ ಮುಂಡೇದೆ! ಕೂತ್ಕೊ, ಟಿವಿ ಹಾಕು!"

ಕೂತ. ಗಟ್ಟಿಯಾಗಿ ಕೂತ.

"ಹಾಕೋ ಟಿವಿ!"

"ಹಾಕೋಕೆ ಎದ್ರೆ ಮತ್ತೆ ಖಾಲಿ ಆಯ್ತದಲ್ಲವ್ವ!"

ಮುದುಕಿ ಮಂಡಿ ಹಿಡಿದುಕೊಂಡು ಏಳಲು ನೋಡಿದಳು, ಆಗಲಿಲ್ಲ. ಸ್ಟೇಡಿಯಮ್ಮಿನ ಕಡೆಯಿಂದ ಊರಿಗೆ ಊರೇ ಹೋ ಎಂದು ಕೂಗಿದ್ದು ಮಾತ್ರ ಇಬ್ಬರಿಗೂ ಚೆನ್ನಾಗಿ ಕೇಳಿಸಿತು.